ಬಿಳಿ ವೈರು ಕೇಳೋದು

ನನ್ನ ಕಂಪ್ಯೂಟರಿಗೆ ಸೇಬಿನ ಸ್ಟಿಕರ್ ಅಂಟಿಸಿದವಳು ನಾನೇ. ಒಳಗೆ ಆ ಕಂಪನಿಯ ಒಂದು ಸ್ಕ್ರೂ ಕೂಡ ಇಲ್ಲ. ಬೋರ್ಡು ಒಂದು ಕಡೆಯದು, ಗ್ರಾಫಿಕ್ಸ್ ಕಾರ್ಡು ಇನ್ನೊಂದು ಕಡೆಯದು, ಡಬ್ಬಿ ಹುಬ್ಬಳ್ಳಿಯ ಒಂದು ಮುಚ್ಚಿಹೋದ ಸೈಬರ್ ಕೆಫೆಯದು. ಇವನ್ನೆಲ್ಲ ಜೋಡಿಸಿ, ಅದರ ಮೇಲೆ ಸೇಬಿನ ಕಂಪನಿಯ ಮ್ಯಾಕ್ ಸಿಸ್ಟಮ್ ಕೂರಿಸಿ, ಅದು ತಾನು ಅಸಲಿ ಮ್ಯಾಕ್ ಎಂದು ನಂಬುವ ಹಾಗೆ ಮಾಡಲು ನಾನು ಪಟ್ಟ ಪಾಡು ನನಗೇ ಗೊತ್ತು. ಆರು ವರ್ಷದಿಂದ ರಾಯಾಪುರದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಈ ಹುಸಿ ಮ್ಯಾಕ್‌ನಲ್ಲೇ ಊರಿನವರ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದೇನೆ. ಗಿರಾಕಿಗಳು ಸ್ಟಿಕರ್ ನೋಡಿ ತಲೆದೂಗುತ್ತಾರೆ, ನಾನು ಸುಮ್ಮನಿರುತ್ತೇನೆ.

ಸುಮ್ಮನಿರುವುದು ನನ್ನ ಸ್ವಭಾವವಲ್ಲ ಎಂದು ಕಾಕಾ ಹೇಳುತ್ತಾರೆ. ಯಜ್ಞೇಶ್ವರ ಕಾಕಾ, ನನ್ನ ಅಪ್ಪನ ತಮ್ಮ. ಧಾರವಾಡದ ಒಂದು ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವರು. ಯಾರದೋ ಮದುವೆಯ ಊಟಕ್ಕೆ ಕೂತಾಗಲೂ ಎದುರಿನ ಬ್ಯಾನರಿನಲ್ಲಿ ಬಿಟ್ಟುಹೋದ ಒತ್ತಕ್ಷರ ಕಂಡು ಅನ್ನ ಬಿಟ್ಟೇಳುವ ಮನುಷ್ಯ. ಮೂರು ವರ್ಷದ ಹಿಂದೆ ಅವರ ಎರಡೂ ಕಣ್ಣು ಹೋದವು. ಮೊದಲ ವರ್ಷ ರೇಡಿಯೊ ಹಚ್ಚಿಕೊಂಡು ಕೂತಿರುತ್ತಿದ್ದರು, ಯಾರೊಂದಿಗೂ ಮಾತಿಲ್ಲ. ಆಮೇಲೆ ಅರವತ್ನಾಲ್ಕನೇ ವಯಸ್ಸಿನಲ್ಲಿ, ಹುಬ್ಬಳ್ಳಿಯ ಅಂಧ ಮಕ್ಕಳ ಶಾಲೆಯೊಂದರ ಭುವನೇಶ್ವರಿ ಟೀಚರ್ ಹತ್ತಿರ ಬ್ರೈಲ್ ಕಲಿಯತೊಡಗಿದರು. ಟೀಚರಿಗೂ ಹುಟ್ಟಿನಿಂದ ಕಣ್ಣಿಲ್ಲ. ಇಬ್ಬರೂ ಸೇರಿ ಅಕ್ಷರಗಳ ಮೇಲೆ ಜಗಳಾಡುವುದನ್ನು ಕೇಳಿದರೆ ನಮ್ಮ ಕಾಕಾ ವಾಪಸು ಬಂದರು ಅನಿಸುತ್ತಿತ್ತು.

ಆ ಟೀಚರೇ ಗುರುವಾರ ಬೆಳಿಗ್ಗೆ ಒಂದು ಆಟೋದಲ್ಲಿ ಹಳೇ ಬ್ರೈಲ್ ಪ್ರಿಂಟರ್ ಹೇರಿಸಿಕೊಂಡು ಬಂದು ನಮ್ಮ ಮನೆಯಲ್ಲಿ ಇಳಿಸಿದರು. ದಪ್ಪ ಹಾಳೆಯ ಮೇಲೆ ಚುಕ್ಕಿ ಒತ್ತುವ ಯಂತ್ರ. ಯಾರೋ ದಾನ ಕೊಟ್ಟದ್ದು, ವರ್ಷಗಳಿಂದ ಶಾಲೆಯ ಸ್ಟೋರ್ ರೂಮಿನಲ್ಲಿ ಬಿದ್ದಿತ್ತು.

"ಕನ್ನಡ ಪಾಠದ ಪುಸ್ತಕ ನಾವ ಮಾಡಾಕತ್ತೇವ್ರಿ," ಎಂದರು ಟೀಚರ್. "ಈ ಪ್ರಿಂಟರ್ ನಡಸಿದ್ರ ಕರಡು ತಿದ್ದೂ ಕೆಲಸ ಯಜ್ಞೇಶ್ವರ ಸರ್‌ಗೆ. ಶನಿವಾರ ಸಂಜಿ ಐದರೊಳಗ ಒಂದನೇ ಪಾಠ ಒತ್ತಿ, ತಿದ್ದಿ ತಂದು ಕೊಡ್ರಿ. ಇಲ್ಲಾಂದ್ರ ಶಾಲಿ ಕಮಿಟಿಯವರು ಎಲ್ಲಾ ಪುಣೆದ ಪ್ರೆಸ್ಸಿಗೆ ಕಳಸ್ತಾರ. ಆಮ್ಯಾಲೆ ನನ್ನ ಕೈಯಾಗ ಏನೂ ಇರೂದಿಲ್ಲ."

ಟೀಚರ್ ಹೋದ ಮೇಲೆ ಕಾಕಾ ಕಪಾಟು ತಡಕಾಡಿ ತಮ್ಮ ಹಳೆಯ ಕೆಂಪು ಪೆನ್ನು ತೆಗೆದು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡರು. ಬ್ರೈಲ್ ಹಾಳೆಯ ಮೇಲೆ ಕೆಂಪು ಪೆನ್ನಿನ ಕೆಲಸ ಏನೂ ಇಲ್ಲ, ಅದು ಅವರಿಗೂ ಗೊತ್ತು. ಅದನ್ನು ನೋಡಿ ನಾನು "ಎರಡು ತಾಸಿನ್ಯಾಗ ನಡಸ್ತೇನಿ ಕಾಕಾ," ಎಂದುಬಿಟ್ಟೆ.

ನನ್ನ ಬಾಯಿಗೆ ಬೀಗ ಹಾಕಬೇಕು. ಪ್ರಿಂಟರಿಗೆ ಇದ್ದದ್ದು ಯುಎಸ್‌ಬಿ ಅಲ್ಲ, ಹಳೇ ಕಾಲದ ಸೀರಿಯಲ್ ಪೋರ್ಟು. ಅದರ ಕೇಬಲ್ಲಿನ ಈ ತುದಿಯನ್ನು ಇಲಿ ತಿಂದುಹಾಕಿತ್ತು. ಮೊದಲು ಪೇಟೆಯಿಂದ ಸೀರಿಯಲ್ಲನ್ನು ಯುಎಸ್‌ಬಿಗೆ ತಿರುಗಿಸುವ ಒಂದು ಕನ್ವರ್ಟರ್ ತಂದು ಅದಕ್ಕೆ ಹೊಂದಿಸಲು ಹೋದೆ. ಅದರೊಳಗಿನ ಚಿಪ್ ನಕಲಿ. ನನ್ನ ಹುಸಿ ಮ್ಯಾಕ್ ಅದನ್ನು ಮುಟ್ಟಲೂ ಇಲ್ಲ. ಪಕ್ಕದ ಮನೆಯ ಸೌರಭನ ಲ್ಯಾಪ್‌ಟಾಪ್ ತಂದು ಚುಚ್ಚಿದೆ, ಅದೂ ಇದು ನಕಲಿ ಎಂದು ಹೇಳಿ ಕೈತೊಳೆದುಕೊಂಡಿತು. ನಕಲಿ ಮಾಲು ಕೊಟ್ಟ ಅಂಗಡಿಯವನಿಗೆ ಬೈಯುವ ಮುಖವೂ ನನಗಿರಲಿಲ್ಲ, ನನ್ನ ಯಂತ್ರದ ಮೇಲೆ ಸ್ಟಿಕರ್ ಇತ್ತಲ್ಲ.

ಉಳಿದದ್ದು ಒಂದೇ ದಾರಿ. ನನ್ನ ಬೋರ್ಡು ಹಳೆಯದು, ಅದರ ಮೂಲೆಯಲ್ಲಿ ಒಂಬತ್ತು ಪುಟ್ಟ ಪಿನ್ನುಗಳು ಎದ್ದುನಿಂತಿದ್ದವು. ಅದೇ ಸೀರಿಯಲ್ ಪೋರ್ಟು. ಆರು ವರ್ಷ ಧೂಳು ಒರೆಸುವಾಗ ಮಾತ್ರ ನೋಡಿದ್ದೆ. ಕಷ್ಟ ಏನೆಂದರೆ ಮ್ಯಾಕ್‌ಗೆ ಇಂಥದ್ದೊಂದು ಇದೆ ಎಂಬುದೇ ಗೊತ್ತಿಲ್ಲ. ಅಸಲಿ ಮ್ಯಾಕ್‌ಗಳಿಂದ ಇದು ಹೋಗಿ ಎಷ್ಟೋ ಕಾಲವಾಯಿತು. ಯಂತ್ರ ಏಳುವಾಗ ಓದುವ ಒಂದು ಪಟ್ಟಿ ಇರುತ್ತದೆ, ಅದರಲ್ಲಿ "ಇಂಥ ಜಾಗದಲ್ಲಿ ಇಂಥ ಪೋರ್ಟು ಇದೆ" ಎಂದು ನಾವೇ ಬರೆದು ಸೇರಿಸಬೇಕು. ಒಂದು ಅಂಕಿ ತಪ್ಪಿದರೆ ಯಂತ್ರ ಅರ್ಧಕ್ಕೆ ನಿಂತು ಕಪ್ಪು ಪರದೆ ತೋರಿಸುತ್ತದೆ.

ಗುರುವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಹದಿನಾಲ್ಕು ಸಲ ಯಂತ್ರ ಆರಿಸಿ ಮತ್ತೆ ಹಚ್ಚಿದೆ. ಕಾಕಾ ನನ್ನ ಬೆನ್ನ ಹಿಂದೆ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿದ್ದರು. ಪ್ರತಿ ಸಲವೂ ಅದೇ ಪ್ರಶ್ನೆ.

"ಏನಾತು?"

"ಆಗಿಲ್ಲ."

"ಈ ಸಲ ಫ್ಯಾನು ಬ್ಯಾರೆ ಥರಾ ತಿರಗ್ತಲ್ಲ?"

"ತಿರಗ್ಲಿ ಬಿಡ್ರಿ ಕಾಕಾ."

"ಸೀರಿಯಲ್ ಅಂತೀ, ಮತ್ತ ನಾಳೆ ಮುಂದುವರೀತದ ಅನ್ನಬ್ಯಾಡ."

ಬೇರೆ ದಿನವಾದರೆ ನಗುತ್ತಿದ್ದೆ. ಹದಿನೈದನೇ ಸಲಕ್ಕೆ ಪಟ್ಟಿಯಲ್ಲಿ ಪೋರ್ಟಿನ ಹೆಸರು ಕಾಣಿಸಿಕೊಂಡಾಗ ಕುರ್ಚಿಯಿಂದ ಜಿಗಿದೆ. ಕಾಕಾ ಕೂಡ ಎದ್ದು ನಿಂತರು, ಪ್ರಿಂಟರಿನ ಮೇಲೆ ಕೈಯಿಟ್ಟು. ಕೇಬಲ್ಲೇ ಇಲ್ಲದ ಪ್ರಿಂಟರ್ ಹೇಗೆ ಒತ್ತೀತು? ಅದನ್ನು ಹೇಳಿದಾಗ ಅವರ ಮುಖ ಇಳಿದದ್ದು ನೋಡಿ ನನಗೆ ನನ್ನ ಮೇಲೇ ಸಿಟ್ಟು ಬಂತು.

ಶುಕ್ರವಾರ ಬೆಳಿಗ್ಗೆ ಯಾಕೂಬಸಾಬರು ತಮ್ಮ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹಳೇ ಹುಬ್ಬಳ್ಳಿಯಲ್ಲಿದ್ದೆ. ಅವರು ಮಿಕ್ಸರ್, ಧ್ವನಿವರ್ಧಕ, ಹಳೇ ರೇಡಿಯೊ ಎಲ್ಲ ರಿಪೇರಿ ಮಾಡುವವರು. ಅವರ ಕೈಯ ಬೆಸುಗೆ ಬಿಟ್ಟದ್ದನ್ನು ನಾನು ನೋಡಿಲ್ಲ. ಪ್ರಿಂಟರಿನ ಹಿಂದೆ ಅಂಟಿಸಿದ್ದ ಕಾಗದದ ಫೋಟೊ ತೋರಿಸಿದೆ. ಅದರಲ್ಲಿ ಪ್ರಿಂಟರ್ ಕಡೆಯ ಪಿನ್ನುಗಳ ವಿವರ ಎಲ್ಲ ಇತ್ತು. ಬೋರ್ಡಿನ ಪಿನ್ನುಗಳಿಗೆ ಸಿಕ್ಕಿಸುವ ಮೂರು ವೈರಿನ ತುಂಡು ಕೊಟ್ಟೆ. ಅದರ ಜೊತೆಗೊಂದು ಚೀಟಿ ಬರೆದಿದ್ದೆ:

ಕೆಂಪು: ಹೇಳೋದು. ಬಿಳಿ: ಕೇಳೋದು. ಕರಿ: ಅರ್ಥಿಂಗ್.

ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅವರು ಚೀಟಿ ಓದಿದರು. "ಅಕ್ಕಾರ, ಇದನ್ನ ಒಮ್ಮೆ ಬಾಯಿಲೆ ಬಿಡಿಸಿ ಹೇಳ್ರಲ್ಲಾ."

"ಬರದೇನಲ್ರಿ ಅದರಾಗ. ನನಗ ಲಗೂನ ಬೇಕ್ರಿ, ಬಸ್ಸು ಹಿಡೀಬೇಕು."

ಅವರು ನನ್ನ ಮುಖ ನೋಡಿದರು, ಚೀಟಿ ನೋಡಿದರು, ಕೆಲಸಕ್ಕೆ ಕೂತರು. ಅರ್ಧ ತಾಸಿನಲ್ಲಿ ಕೇಬಲ್ ತಯಾರು. ಮೀಟರ್ ಹಚ್ಚಿ, ಮೂರೂ ವೈರಿನಲ್ಲಿ ಕರೆಂಟು ಹರಿಯುತ್ತದೆ ಎಂದು ಅದನ್ನು ಕುಂಯ್ಗುಡಿಸಿ ತೋರಿಸಿದರು. "ಪಕ್ಕಾ ಐತ್ರಿ. ಒಂದೂ ಎಳೆ ಬಿಟ್ಟಿಲ್ಲ," ಎಂದರು.

ಮನೆಗೆ ಬಂದು ಸಿಕ್ಕಿಸಿದೆ. ಕನ್ನಡದ ಅಕ್ಷರಗಳನ್ನು ಚುಕ್ಕಿಗೆ ತಿರುಗಿಸಿ ಪ್ರಿಂಟರಿಗೆ ಕಳಿಸುವ ಚಿಕ್ಕ ಪ್ರೋಗ್ರಾಮ್ ಆಗಲೇ ಬರೆದಿಟ್ಟಿದ್ದೆ. ಪಾಠದ ಒಂದು ಸಾಲೂ ನಡುವೆ ಕಳೆಯಬಾರದು ಎಂದು ಅದಕ್ಕೊಂದು ಜಾಣತನ ಸೇರಿಸಿದ್ದೆ: ಪ್ರಿಂಟರ್ ಕಡೆಯಿಂದ "ಸಿದ್ಧ" ಎಂಬ ಸುದ್ದಿ ಬರುವವರೆಗೆ ಸಾಲುಗಳನ್ನು ಹಿಡಿದಿಟ್ಟುಕೊಳ್ಳಬೇಕು, ಬಂದ ಕೂಡಲೇ ಒಂದೊಂದಾಗಿ ಬಿಡಬೇಕು.

ಪರೀಕ್ಷೆಗೆಂದು "ಅ ಆ ಇ ಈ" ಎಂದು ಟೈಪ್ ಮಾಡಿ ಕಳಿಸಿದೆ. ಪ್ರಿಂಟರ್ ಮಿಸುಕಲಿಲ್ಲ. "ನಮಸ್ಕಾರ" ಎಂದು ಕಳಿಸಿದೆ. ಇಲ್ಲ. "ಕಾಕಾ ಓದ್ರಿ" ಎಂದು ಕಳಿಸಿದೆ. ಅದಕ್ಕೂ ಇಲ್ಲ. ವೇಗ ಬದಲಿಸಿದೆ, ಪೋರ್ಟಿನ ಅಂಕಿ ಬದಲಿಸಿದೆ, ಇದ್ದಬದ್ದ ಸೆಟ್ಟಿಂಗ್ ಎಲ್ಲ ತಿರುವಿ ಹಾಕಿ, ಮತ್ತೆ ಮೊದಲಿನ ಹಾಗೇ ಇಟ್ಟೆ. ಕೇಬಲ್ ಮೇಲೆ ಅನುಮಾನ ಬರಲಿಲ್ಲ. ಯಾಕೂಬಸಾಬರು ಮೀಟರ್ ಹಚ್ಚಿ ತೋರಿಸಿದ್ದರಲ್ಲ. ತಪ್ಪು ಈ ಕಲಬೆರಕೆ ಯಂತ್ರದ್ದೇ, ಅಂದರೆ ನನ್ನದೇ ಎಂದು ಗಂಟೆಗಟ್ಟಲೆ ಅದರ ಹೊಟ್ಟೆ ಬಗೆದೆ.

ಹಿಂದಿನಿಂದ ಕಾಕಾ. "ಯಾಕೂಬಸಾಬರಿಗೆ ಏನಂತ ಹೇಳ್ದಿ?"

"ಚೀಟಿ ಬರದು ಕೊಟ್ಟೆ."

"ಚೀಟ್ಯಾಗ ಏನ್ ಬರದೀ?"

"ಕೇಬಲ್ ಸರಿ ಅದ ಕಾಕಾ. ಯಂತ್ರದ್ದೇ ತಕರಾರು."

ಅರ್ಧ ತಾಸಿಗೆ ಮತ್ತೆ, "ಚೀಟಿ ಒಮ್ಮೆ ಓದಿ ಹೇಳು, ಋತೂ." ಚಹಾ ಕುಡಿದು ಬಂದು ಮತ್ತೆ, "ಅಲ್ಲಾ, ಆ ಚೀಟ್ಯಾಗ..." ನಾನು ಹಲ್ಲು ಕಚ್ಚಿ ಕೂತೆ. ಮೂವತ್ತೆಂಟು ವರ್ಷ ಬರೀ ಕಾಗದದ ತಪ್ಪು ಹುಡುಕಿದವರಿಗೆ ತಪ್ಪೆಲ್ಲ ಕಾಗದದಲ್ಲೇ ಇರುತ್ತದೆ ಎಂದು ಮನಸ್ಸಿನಲ್ಲೇ ಬೈದೆ. ಆರನೆಯ ಸಲವೋ ಏಳನೆಯ ಸಲವೋ ಅವರು ಬಾಯಿ ತೆರೆದಾಗ ನನ್ನ ಬೆರಳುಗಳು ತಾವಾಗಿ ಕೀಲಿಮಣೆಯ ಮೇಲೆ ಓಡಿದವು. ಬಾಯಲ್ಲಿ ಆಡಲಾಗದ್ದನ್ನು ಪರೀಕ್ಷೆಯ ಸಾಲು ಎಂಬ ನೆಪದಲ್ಲಿ ಬರೆದು, ಕಳಿಸುವ ಗುಂಡಿ ಒತ್ತಿಬಿಟ್ಟೆ. ಹೇಗೂ ಎಲ್ಲಿಗೂ ಹೋಗುವುದಿಲ್ಲ, ಯಾರೂ ಓದುವುದಿಲ್ಲ. ಒತ್ತಿದ ಮೇಲೆ ಎದೆ ಸ್ವಲ್ಪ ಹಗುರವೂ ಆಯಿತು, ಸುಳ್ಳೇಕೆ ಹೇಳಲಿ.

ಯಂತ್ರ ಆರಿಸುವ ಮನಸ್ಸೂ ಇಲ್ಲದೆ ಎಲ್ಲ ಹಾಗೇ ಬಿಟ್ಟು ಎದ್ದುಹೋದೆ.

ಶನಿವಾರ ಹತ್ತೂವರೆ. ಪಾಠ ಹನ್ನೆರಡು ಪುಟ. ಕಾಕಾಗೆ ಬೆರಳಿನಿಂದ ಒಂದು ಪುಟ ಓದಲು ಇಪ್ಪತ್ತು ನಿಮಿಷ ಬೇಕು. ಹನ್ನೆರಡರೊಳಗೆ ಹಾಳೆ ಕೈಗೆ ಸಿಗದಿದ್ದರೆ ಐದರೊಳಗೆ ಶಾಲೆ ಮುಟ್ಟುವ ಮಾತೇ ಇಲ್ಲ. ನಾನು ಸೋತಿದ್ದೆ. ಭುವನೇಶ್ವರಿ ಟೀಚರಿಗೆ ಹೇಳಿಬಿಡೋಣ, ಪುಣೆಗೇ ಹೋಗಲಿ ಎಂದು ಫೋನು ಕೈಗೆತ್ತಿಕೊಂಡೆ. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಿಸೆಯಲ್ಲಿ ಕೆಂಪು ಪೆನ್ನು ಸಿಕ್ಕಿಸಿಕೊಂಡು ಕೂತಿದ್ದರು.

"ಫೋನ್ ಹಚ್ಚೂಕಿಂತ ಮೊದಲ," ಎಂದರು ಮೆಲ್ಲಗೆ, "ಆ ಚೀಟಿ ಓದು. ಇನ್ನೊಮ್ಮೆ ಕೇಳೂದಿಲ್ಲ."

ಕೇಬಲ್ಲಿನ ಜೊತೆ ವಾಪಸು ಬಂದಿದ್ದ ಚೀಟಿ ಮೇಜಿನ ಮೇಲೆ ಮುದುಡಿ ಬಿದ್ದಿತ್ತು. ಬಿಡಿಸಿ, ಬೇಕೆಂದೇ ಒರಟಾಗಿ ಓದಿದೆ. "ಕೆಂಪು ಹೇಳೋದು, ಬಿಳಿ ಕೇಳೋದು, ಕರಿ ಅರ್ಥಿಂಗ್. ಆತಿಲ್ಲೋ?"

ಕಾಕಾ ತಲೆ ವಾರೆ ಮಾಡಿದರು. ಕರಡಿನಲ್ಲಿ ಏನಾದರೂ ಸಿಕ್ಕಾಗ ಹೀಗೆ ಮಾಡುತ್ತಿದ್ದರು, ಕಣ್ಣಿದ್ದ ಕಾಲದಲ್ಲಿ.

"ಯಾವ ಕೇಳೋದು?"

"ಅಂದ್ರ?"

"ಕಿವಿಲೆ ಕೇಳೋದೊ, ಬಾಯಿಲೆ ಕೇಳೋದೊ? ನೀ ಯಾವುದಂತ ಬರದೀ, ಅವರು ಯಾವುದಂತ ಓದ್ಯಾರ?"

ಕೆಂಪು ಕಂಪ್ಯೂಟರ್ ಹೇಳುವ ವೈರು, ಬಿಳಿ ಅದು ಕೇಳಿಸಿಕೊಳ್ಳುವ ವೈರು ಎಂದು ನಾನು ಬರೆದಿದ್ದೆ. ಬೇರೆ ಅರ್ಥ ಇರಬಹುದೆಂದು ಹೊಳೆದೇ ಇರಲಿಲ್ಲ. ಯಾಕೂಬಸಾಬರಿಗೆ ಫೋನ್ ಹಚ್ಚಿ, ಕೇಳೋದು ಅಂದರೆ ಪ್ರಶ್ನೆ ಕೇಳೋದು ಅಂತ ತಿಳಿದಿರೇನು ಎಂದೆ.

"ಹೌದ್ರೀ ಅಕ್ಕಾರ," ಎಂದರು ಅವರು. "ಗಿರಾಕಿ ಕೇಳ್ತಾನ, ಅಂಗಡಿಯಾಂವ ಹೇಳ್ತಾನ. ನಿಮ್ಮ ಕಂಪ್ಯೂಟರ್ ಗಿರಾಕಿ ಅಲ್ಲೇನ್ರಿ? ಏನರೆ ಬೇಕಂತ ಪ್ರಿಂಟರ್‌ನ ಅದ ಕೇಳಬೇಕಲ್ಲ. ಅದಕ್ಕ ಬಿಳಿ ವೈರು ಪ್ರಿಂಟರಿನ ಕಿವಿಗೆ ಹಚ್ಚೀನಿ, ಕೆಂಪು ಅದರ ಬಾಯಿಗೆ. ಒಮ್ಮೆ ಬಾಯಿಲೆ ಬಿಡಿಸಿ ಹೇಳ್ರಿ ಅಂತ ಅಂದೆ ನಾ, ನೀವು ಬಸ್ಸು ಅಂದ್ರಿ."

ಅವರ ಮೇಲೆ ಸಿಟ್ಟು ಮಾಡಲು ಜಾಗವೇ ಇರಲಿಲ್ಲ. ನಿನ್ನೆಯಿಂದ ಕಂಪ್ಯೂಟರಿನ ಬಾಯಿ ಪ್ರಿಂಟರಿನ ಬಾಯಿಗೆ, ಕಿವಿ ಕಿವಿಗೆ ಅಂಟಿಕೊಂಡಿದ್ದವು. ಪೋರ್ಟು ಗುರುವಾರದಿಂದಲೇ ಸರಿಯಾಗಿತ್ತು. ಕತ್ತರಿ ತಂದು ಕೆಂಪು, ಬಿಳಿ ಎರಡನ್ನೂ ಕತ್ತರಿಸಿ, ಹಲ್ಲಿನಿಂದ ಸಿಪ್ಪೆ ಸುಲಿದು, ಅದಲು ಬದಲು ಮಾಡಿ ಹೊಸೆದು ಟೇಪ್ ಸುತ್ತಿದೆ. "ಸಾವಕಾಶ," ಎಂದರು ಕಾಕಾ.

ಟೇಪ್ ಹರಿದು ಬಿಟ್ಟದ್ದೇ ತಡ, ಪ್ರಿಂಟರ್ ಒಮ್ಮೆ ಗುರುಗುಟ್ಟಿ, ತಗಡಿನ ಮೇಲೆ ಕಾಳು ಸುರಿದ ಹಾಗೆ ಸದ್ದು ಮಾಡುತ್ತ ಒತ್ತತೊಡಗಿತು. ನಾನು ಕಿರುಚಿದೆ. ಕಾಕಾ ಎದ್ದು ಬಂದು ಹಾಳೆ ಹೊರಬರುವಲ್ಲಿ ಕೈಯಿಟ್ಟರು. ನಾನಿನ್ನೂ ಪಾಠ ಕಳಿಸಿಯೇ ಇಲ್ಲ, ನಿನ್ನೆಯಿಂದ ಹಿಡಿದಿಟ್ಟ ಸಾಲುಗಳನ್ನೇ ಇದು ಒತ್ತುತ್ತಿದೆ ಎಂದು ನನಗೆ ಹೊಳೆಯುವ ಹೊತ್ತಿಗೆ ಹಾಳೆ ಅವರ ಬೆರಳಿನ ಕೆಳಗಿತ್ತು.

"ಅ, ಆ, ಇ, ಈ," ಎಂದು ಜೋರಾಗಿ ಓದಿ ನಕ್ಕರು. "ನಮಸ್ಕಾರ. ನಮಸ್ಕಾರಪಾ! ಕಾಕಾ ಓದ್ರಿ. ಓದ್ಲಿಕ್ಕತ್ತೇನಲ್ಲ."

"ಕಾಕಾ, ಆ ಹಾಳಿ ಕೊಡ್ರಿ. ಅದು ಪಾಠ ಅಲ್ಲ."

ಬೆರಳು ನಾಲ್ಕನೆಯ ಸಾಲಿಗೆ ಇಳಿದಿತ್ತು. ಅದನ್ನು ಅವರು ಜೋರಾಗಿ ಓದಲಿಲ್ಲ. ಬೆರಳು ಕೊನೆಯವರೆಗೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಮೊದಲಿನಿಂದ ಹೋಯಿತು. ಕರಡನ್ನು ಅವರು ಯಾವಾಗಲೂ ಎರಡು ಸಲ ಓದುವವರು. ಅಲ್ಲಿ ಇದ್ದದ್ದು ಇಷ್ಟು: ಈ ಕಾಕಾ ಕೇಳೋದು ಒಮ್ಮೆ ನಿಂತ್ರ ಸಾಕು, ನನಗ ಸಾಕಗೇದ.

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

"ಸಾಕಾಗೇದ ಅನ್ನೋದ್ರಾಗ ಕ-ಕ್ಕ ದೀರ್ಘ ಬಿಟ್ಟೀ," ಎಂದರು ಕಾಕಾ. ಹಾಳೆಯನ್ನು ಹರಿದು, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ, ಕೆಂಪು ಪೆನ್ನಿನ ಪಕ್ಕದಲ್ಲಿ ಕಿಸೆಗೆ ಇಟ್ಟುಕೊಂಡರು. "ಪಾಠ ಹಚ್ಚು. ಹೊತ್ತಾಗ್ತದ."

ಹನ್ನೆರಡು ಪುಟ ಬಂದವು. ಅವರು ಓದಿ ಹೇಳಿದರು, ನಾನು ಬರೆದುಕೊಂಡೆ. ಮೂರನೇ ಪುಟ ಆರನೇ ಸಾಲು, ಒತ್ತು ಬಿಟ್ಟಿದೆ. ಐದನೇ ಪುಟ, ಪದದ ನಡುವೆ ಖಾಲಿ ಜಾಗ. ಒಟ್ಟು ಹತ್ತೊಂಬತ್ತು ತಪ್ಪು. ಅಷ್ಟು ಹೊತ್ತೂ ಕಾಕಾ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಗಂಟೆ ಎಷ್ಟು ಎಂದು ಕೂಡ. ಎರಡು ದಿನ ಯಾವುದು ನಿಲ್ಲಲಿ ಎಂದು ಚಡಪಡಿಸಿದ್ದೆನೋ ಅದು ನಿಂತಿತ್ತು, ನನಗೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಶಾಲೆಯಲ್ಲಿದ್ದೆವು. ಭುವನೇಶ್ವರಿ ಟೀಚರ್ ನಾನು ಓದಿದ ಪಟ್ಟಿ ಕೇಳುತ್ತ, ಪುಟದ ಮೇಲೆ ಬೆರಳಾಡಿಸುತ್ತ, ಹನ್ನೊಂದನೆಯ ತಪ್ಪಿಗೆ ಬಂದಾಗ ಹಣೆ ಬಡಿದುಕೊಂಡು ನಕ್ಕರು. "ಇದನ್ನ ನಾನೂ ನೋಡಿದ್ದಿಲ್ರೀ ಸರ್! ಪುಣೆದವರು ಇನ್ನ ಅಲ್ಲೇ ಕುಂದ್ರಲಿ. ಸೋಮವಾರ ಎರಡನೇ ಪಾಠ ಕಳಸ್ತೇನಿ."

"ಆತ್ರಿ," ಎಂದರು ಕಾಕಾ. ಅಷ್ಟೇ. ಎಷ್ಟು ಪಾಠ, ಎಷ್ಟು ಪುಟ, ಯಾರು ಬರೆದದ್ದು ಎಂದು ಇಪ್ಪತ್ತು ಪ್ರಶ್ನೆ ಕೇಳಬೇಕಾಗಿದ್ದ ಮನುಷ್ಯ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದಲ್ಲಿ ಜನ ತುಂಬಿದ್ದರು. ನಾನು ಅವರ ಕೈ ಹಿಡಿದು ನಿಂತಿದ್ದೆ. ಬಸ್ಸು ಬರುವ ಸದ್ದು ಕೇಳಿದಾಗಲೂ ಕಾಕಾ ನನ್ನ ಕಡೆ ತಿರುಗಲಿಲ್ಲ. ಆ ಕಡೆ ನಿಂತಿದ್ದ ಯಾರೋ ಅಪರಿಚಿತನ ಕಡೆ ಮುಖ ಮಾಡಿ ಕೇಳಿದರು: "ಯಜಮಾನ್ರ, ಇದು ರಾಯಾಪುರಕ್ಕ ನಿಲ್ತದೇನ್ರಿ?"

ಆತ ಇಲ್ಲ, ಇದು ನಿಲ್ಲುವುದಿಲ್ಲ ಎಂದ.

"ಕಾಕಾ," ಎಂದೆ. "ನನ್ನ ಕೇಳ್ರಿ."

ಅವರು ತಲೆ ವಾರೆ ಮಾಡಿದರು. "ಯಾವ ಕೇಳೋದು, ಋತೂ?"

"ಎರಡೂ. ಮೊದಲ ಕಿವಿಲೆ ಕೇಳ್ರಿ. ನಿನ್ನೆ ಆ ಸಾಲು ಬರದಾಗ ಅದು ಖರೇನ ಇತ್ತು. ಈಗ ನೀವು ಬಾಜೂದವರನ್ನ ಕೇಳಿದ್ದು ನನಗ ತಡಕೊಳ್ಳಿಕ್ಕೆ ಆಗ್ಲಿಲ್ಲ. ಇನ್ನ ಬಾಯಿಲೆ ಏನ್ ಬೇಕಾದ್ದು ಕೇಳ್ರಿ."

ಮುಂದಿನ ಬಸ್ಸು ಬಂತು. ಕಾಕಾ ಕಿಸೆಯ ಮೇಲೆ ಕೈಯಿಟ್ಟು, ಮಡಿಕೆಯ ಹಾಳೆ ಅಲ್ಲೇ ಇದೆಯೇ ಎಂದು ನೋಡಿಕೊಂಡರು.

"ಇದು ರಾಯಾಪುರಕ್ಕ ನಿಲ್ತದೇನು?" ಎಂದರು.

"ನಿಲ್ತದ ಕಾಕಾ."

"ಕಿಡಕಿ ಬಾಜೂಕ ಸೀಟು ಅದ ಏನು, ನೋಡು."

ನೋಡಿದೆ. ಒಂದಿತ್ತು. ಅವರನ್ನು ಅಲ್ಲಿ ಕೂರಿಸಿ ಪಕ್ಕದಲ್ಲಿ ನಿಂತೆ. ಬಸ್ಸು ಹೊರಟ ಕೂಡಲೇ ಅವರು ಎರಡನೇ ಪಾಠದಲ್ಲಿ ಎಷ್ಟು ಪುಟ ಇರಬಹುದು ಎಂದು ಕೇಳಿದರು.